ಸತ್ತಮೇಲಿನ ಹೊಗಳಿಕೆ ಯಾರಿಗೆ ಬೇಕು ಸ್ವಾಮಿ?

ಮುಂಬಯಿಗೆ ಬಂದು ಐವತ್ತು ವರ್ಷ ದಾಟಿತು. ಈ ಊರು ನನಗೆ ಅಂಟಿಸಿದ ಆಟದ ಹುಚ್ಚು ಒಂದೇ, ಕ್ರಿಕೆಟ್ಟು. ಅಂಥವನು ಇವತ್ತು ಬೇಸ್‌ಬಾಲ್ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ನಿಮಗೆ ನಗು ಬರಬಹುದು. ನಗಿ, ಆದರೆ ಪೂರ್ತಿ ಓದಿ. ಆಟ ಅವರದ್ದಾದರೂ ನನ್ನ ಸಿಟ್ಟು ನಮ್ಮೆಲ್ಲರಿಗೂ ಸೇರಿದ್ದು.

2019ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರ ಪಾಡು ನಿಮಗೆ ಗೊತ್ತೇ ಇದೆ. ವಾರವಿಡೀ ಮನೆಯೊಳಗೇ ಬಂದಿ, ಶನಿವಾರ ಬಂದರೆ ಮಗನ ಗೆಳೆಯರ ದಂಡು. ನಾಲ್ಕು ಜನ ಕನ್ನಡದವರು, ಇಬ್ಬರು ತೆಲುಗಿನವರು, ಒಬ್ಬ ಗುಜರಾತಿ ಹುಡುಗ. ಎಲ್ಲರಿಗೂ ನ್ಯೂಯಾರ್ಕ್ ಮೆಟ್ಸ್ ಅಂದರೆ ಪ್ರಾಣ. ಟೀವಿಯಲ್ಲಿ ಪಂದ್ಯ, ಟೇಬಲ್ಲಿನ ಮೇಲೆ ನನ್ನಾಕೆ ಕರಿದ ಗೋಳಿಬಜೆ. ಆಟ ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು. ಪಿಚರ್ ಅಂದರೆ ನಮ್ಮ ಬೌಲರ್ ಅಂದುಕೊಳ್ಳಿ. ಒಂದು ಸಣ್ಣ ದಿಬ್ಬದ ಮೇಲೆ ನಿಂತು 60 ಅಡಿ 6 ಇಂಚು ದೂರದಿಂದ ಎಸೆಯುತ್ತಾನೆ. ನೆಲಕ್ಕೆ ತಾಗಿಸುವ ಹಾಗಿಲ್ಲ, ಓಡಿ ಬರುವ ಹಾಗಿಲ್ಲ. ಅವನ ತಲೆ ಕೆಟ್ಟರೆ ತರಬೇತುದಾರ ಆಟದ ಮಧ್ಯದಲ್ಲೇ ದಿಬ್ಬದವರೆಗೆ ನಡೆದು ಹೋಗಿ ಕಿವಿಯಲ್ಲಿ ನಾಲ್ಕು ಮಾತು ಹೇಳಿ ಬರಬಹುದು. ಇನ್ನೊಂದು ವಿಚಿತ್ರ, ಈ ಆಟದಲ್ಲಿ ತರಬೇತುದಾರರೂ ಆಟಗಾರರ ಹಾಗೇ ಟೋಪಿ, ಪೈಜಾಮ, ಅಂಗಿ ಎಲ್ಲ ತೊಟ್ಟೇ ಬರಬೇಕು. ನಮ್ಮ ಅಜಿತ್ ವಾಡೇಕರ್ ತರಬೇತುದಾರರಾಗಿದ್ದಾಗ ಪ್ಯಾಡು ಕಟ್ಟಿ ಪೆವಿಲಿಯನ್ನಿನಲ್ಲಿ ಕೂತಿದ್ದರೆ ಹೇಗಿರುತ್ತಿತ್ತೋ ಹಾಗೆ.

ಜೂನ್ 20ರಂದು ಮೆಟ್ಸ್ ತಂಡದವರು ತಮ್ಮ ಪಿಚಿಂಗ್ ತರಬೇತುದಾರ ಡೇವ್ ಐಲ್ಯಾಂಡ್ ಅವರನ್ನು ತೆಗೆದುಹಾಕಿದರು. ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬಂದವರು ಫಿಲ್ ರೀಗನ್ (ಅಧ್ಯಕ್ಷ ರೇಗನ್ ಅಲ್ಲ, ಇವರು ಬೇರೆ). ವಯಸ್ಸು 82. ಆ ಶನಿವಾರ ನಮ್ಮ ಹಾಲಿನಲ್ಲಿ ಎದ್ದ ನಗೆಯನ್ನು ನೀವು ಕೇಳಬೇಕಿತ್ತು. "ಅಜ್ಜ ದಿಬ್ಬ ಹತ್ತೋದ್ರೊಳಗೆ ಪಂದ್ಯ ಮುಗಿಯುತ್ತೆ" ಅಂತ ಒಬ್ಬ. "ಕಿವಿ ಕೇಳಿಸುತ್ತಾ ಮೊದ್ಲು ಕೇಳಿ" ಅಂತ ಇನ್ನೊಬ್ಬ. ನನ್ನ ಮಗನೂ ನಕ್ಕ. ಆಮೇಲೆ ಪಕ್ಕದಲ್ಲಿ 62ರ ಅಪ್ಪ ಕೂತಿರುವುದು ನೆನಪಾಗಿ, "ನಿಮಗಲ್ಲ ಅಪ್ಪಾ" ಅಂದ. ನನಗಲ್ಲವಂತೆ! ಇನ್ನು ಇಪ್ಪತ್ತು ವರ್ಷಕ್ಕೆ ಬುಕ್ ಮಾಡಿಟ್ಟ ನಗು ಅದು.

ಅಷ್ಟಕ್ಕೂ ಈ ಅಜ್ಜ ಯಾರು ಅಂತ ಆ ರಾತ್ರಿ ಕೂತು ಓದಿದೆ. ನಿದ್ದೆ ಹೇಗೂ ಬರುತ್ತಿರಲಿಲ್ಲ.

ರೀಗನ್ ಹುಟ್ಟಿದ್ದು 1937ರಲ್ಲಿ, ಮಿಶಿಗನ್ ರಾಜ್ಯದ ಒಟ್ಸೀಗೋ ಎಂಬ ಸಣ್ಣ ಊರಲ್ಲಿ. 1960ರಿಂದ ಡೆಟ್ರಾಯ್ಟ್ ಟೈಗರ್ಸ್ ಪರ ಆಡಿದವರು. 1965ರಲ್ಲಿ ಒಂದು ಗೆಲುವು, ಐದು ಸೋಲು. ಆ ವರ್ಷವೇ ಅವರನ್ನು ಕೆಳದರ್ಜೆಯ ತಂಡಕ್ಕೆ ಕಳಿಸಿ, ಕೊನೆಗೆ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ದಾಟಿಸಿ ಕೈತೊಳೆದುಕೊಂಡರು. ಮಾರನೇ ವರ್ಷ ಅದೇ ಮನುಷ್ಯ 14 ಪಂದ್ಯ ಗೆದ್ದು ಒಂದೇ ಒಂದು ಸೋತರು! ಕೊನೆಯ ಸುತ್ತುಗಳಲ್ಲಿ ಬಂದು ಪಂದ್ಯ ಕಾಪಾಡುವ ಕೆಲಸ ಅವರದು. ಆ ತಂಡದ ದೊಡ್ಡ ಹೆಸರು ಸ್ಯಾಂಡಿ ಕೋಫ್ಯಾಕ್ಸ್. ಏಳೆಂಟು ಸುತ್ತು ಇವರು ಬೆವರು ಸುರಿಸಿ ಎಸೆದ ಮೇಲೆ ಕೊನೆಗೆ ಬಂದ ರೀಗನ್ ಗೆಲುವನ್ನು ಹಾರಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಕೋಫ್ಯಾಕ್ಸ್ ಅವರಿಗಿಟ್ಟ ಅಡ್ಡಹೆಸರು ರಣಹದ್ದು. ಪ್ರೀತಿಯ ಬೈಗುಳ ಅದು, ಜೀವನಪೂರ್ತಿ ಅಂಟಿಕೊಂಡಿತು. ಕೋಫ್ಯಾಕ್ಸ್ ಆ ವರ್ಷ 27 ಪಂದ್ಯ ಗೆದ್ದು, ಮೊಣಕೈ ಸಂಧಿವಾತದಿಂದಾಗಿ 30ರ ವಯಸ್ಸಿಗೇ ಆಟ ಬಿಟ್ಟರು. ರೀಗನ್ ಮುಂದುವರಿದರು.

ಶಿಕಾಗೋ ಕಬ್ಸ್‌ಗೆ ಹೋದ ಮೇಲೆ 1968ರಲ್ಲಿ ಒಬ್ಬ ಅಂಪೈರು, ಇವರು ಚೆಂಡಿಗೆ ವ್ಯಾಸಲೀನ್ ಸವರುತ್ತಾರೆ ಅಂತ ಗಲಾಟೆ ಎಬ್ಬಿಸಿದ. ಲೀಗಿನ ಅಧ್ಯಕ್ಷರಾಗಿದ್ದ ವಾರನ್ ಗೈಲ್ಸ್ ಕೊನೆಗೆ ರೀಗನ್ ಪರವಾಗಿಯೇ ನಿಂತರು. ಸವರಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಾನು ಹೇಳುವುದು ಇಷ್ಟೇ, ಚೆಂಡು ಏನೇನು ಮಾಡಬಲ್ಲದು ಅನ್ನುವುದನ್ನು ಆ ಮನುಷ್ಯ ಪುಸ್ತಕ ಓದಿ ಕಲಿತದ್ದಲ್ಲ. 1995ರಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಆಗಿದ್ದರು. ಕ್ಯಾಲ್ ರಿಪ್‌ಕೆನ್ ಸತತ 2131ನೇ ಪಂದ್ಯ ಆಡಿ ಲೂ ಗೆಹ್ರಿಗ್ ದಾಖಲೆ ಮುರಿದ ರಾತ್ರಿ ಆ ತಂಡವನ್ನು ನಡೆಸುತ್ತಿದ್ದವರು ಇವರೇ. ಆಮೇಲೆ 2009ರಿಂದ ಫ್ಲಾರಿಡಾದ ಸೇಂಟ್ ಲೂಸಿಯಲ್ಲಿ ಮೆಟ್ಸ್‌ನ ಮರಿ ತಂಡದ ಪಿಚರ್‌ಗಳನ್ನು ತಿದ್ದುವ ಕೆಲಸ. ಎಪ್ಪತ್ತು ದಾಟಿದ ಮೇಲೆ, ಆ ಸೆಕೆಯಲ್ಲಿ, ಖಾಲಿ ಮೈದಾನಗಳಲ್ಲಿ, ಇಪ್ಪತ್ತರ ಹುಡುಗರ ಜೊತೆ.

ಈಗ ಆ ಜೂನ್ 20ಕ್ಕೆ ವಾಪಸ್ ಬನ್ನಿ. ಅವತ್ತು ಮೆಟ್ಸ್ ಆಡುತ್ತಿದ್ದದ್ದು ಎಲ್ಲಿ? ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ. ಐವತ್ತು ವರ್ಷದ ಹಿಂದೆ ಇದೇ ರೀಗನ್ ಕಬ್ಸ್ ಅಂಗಿ ತೊಟ್ಟು ಎಸೆಯುತ್ತಿದ್ದ ಅದೇ ಮೈದಾನ. 1969ರಲ್ಲಿ ಕಬ್ಸ್ ಆಗಸ್ಟ್ ಮಧ್ಯದವರೆಗೂ ಬಹಳ ಮುಂದಿತ್ತು. ಆಮೇಲೆ ಮುಗ್ಗರಿಸಿತು. ಹಿಂದಿನಿಂದ ಬಂದು ದಾಟಿ ಹೋದ ತಂಡ ಯಾವುದು ಅಂತೀರಿ? ಇದೇ ಮೆಟ್ಸ್! ಎಂಟು ಪಂದ್ಯಗಳ ಅಂತರದಲ್ಲಿ ಗುಂಪು ಗೆದ್ದು, ಕೊನೆಗೆ ಬಾಲ್ಟಿಮೋರನ್ನು ಸೋಲಿಸಿ ವಿಶ್ವ ಸರಣಿಯನ್ನೇ ಗೆದ್ದರು. ತನ್ನನ್ನು ಸೋಲಿಸಿದ ತಂಡದ ಅಂಗಿ ತೊಟ್ಟು, ತಾನು ಸೋತ ಮೈದಾನದಲ್ಲಿ, 82ರ ವಯಸ್ಸಿಗೆ ಹೊಸ ಕೆಲಸಕ್ಕೆ ಹಾಜರಾದ ಮನುಷ್ಯ! ನಮ್ಮ ಹಾಲಿನಲ್ಲಿ ಕೂತವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಅಂಕೆ, 82.

ಸರಿ, ಹುಡುಗರು, ನಕ್ಕರು, ಬಿಡೋಣ ಅಂದುಕೊಂಡಿದ್ದೆ. ಆದರೆ ಮುಂದಿನ ಶನಿವಾರ, ಜೂನ್ 29ರಂದು, ಮೆಟ್ಸ್‌ನವರು ತಮ್ಮ ಸಿಟಿ ಫೀಲ್ಡ್ ಮೈದಾನದಲ್ಲಿ 1969ರ ಗೆಲುವಿನ ಐವತ್ತನೇ ವರ್ಷದ ಸಮಾರಂಭ ಮಾಡಿದರು. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಬಂದರು. ಮರೆವಿನ ಕಾಯಿಲೆಗೆ ಸಿಕ್ಕಿದ್ದ ಬಡ್ ಹ್ಯಾರಲ್ಸನ್ ಕೂಡ ಬಂದಿದ್ದರು. ನಮ್ಮ ಹಾಲಿನಲ್ಲಿ ಹೋದ ವಾರ ನಕ್ಕ ಅದೇ ಹುಡುಗರು ಈಗ ಗಂಟಲು ಕಟ್ಟಿದವರ ಹಾಗೆ ಕೂತಿದ್ದಾರೆ! ಟಾಮ್ ಸೀವರ್ ಹೀಗೆ ಎಸೆಯುತ್ತಿದ್ದನಂತೆ, ಜೆರ್ರಿ ಕೂಸ್ಮನ್ ಹಾಗಂತೆ, ಎಳೆಯ ನೋಲನ್ ರಯಾನ್ ಆಗ ಇದೇ ತಂಡದಲ್ಲಿದ್ದನಂತೆ. ಇವರು ಹುಟ್ಟುವ ಮೊದಲಿನ ಕಥೆಗಳು. ಯಾರಿಂದಲೋ ಕೇಳಿದ್ದು, ಎಲ್ಲೋ ಓದಿದ್ದು. ಆದರೂ ಕಣ್ಣು ಒದ್ದೆ.

ಅವತ್ತೇ ಆ ಅನಾಹುತ ನಡೆದದ್ದು. ತೀರಿಕೊಂಡ ಆಟಗಾರರ ಸ್ಮರಣೆ ಅಂತ ದೊಡ್ಡ ಪರದೆಯ ಮೇಲೆ ಫೋಟೋಗಳನ್ನು ತೋರಿಸಿದರು. ಅದರಲ್ಲಿ ಜಿಮ್ ಗಾಸ್ಗರ್ ಮತ್ತು ಜೆಸ್ಸಿ ಹಡ್ಸನ್ ಅವರ ಫೋಟೋಗಳೂ ಇದ್ದವು. ಇಬ್ಬರೂ ಬದುಕಿದ್ದರು! ಗಟ್ಟಿಮುಟ್ಟಾಗಿ ತಮ್ಮ ತಮ್ಮ ಊರಲ್ಲಿದ್ದರು. ತಂಡದವರು ಆಮೇಲೆ ಕ್ಷಮೆ ಕೇಳಿದರು, ಅದು ಬೇರೆ ಮಾತು. ಆದರೆ ಒಂದು ಫೋನು, ಒಂದೇ ಒಂದು ಫೋನು ಯಾರಿಗೂ ಮಾಡಬೇಕು ಅನ್ನಿಸಲಿಲ್ಲವಲ್ಲ! ಕೋಟಿಗಟ್ಟಲೆ ಡಾಲರಿನ ತಂಡ, ಪಂದ್ಯಕ್ಕೆ ಎಷ್ಟು ಜನ ಸಾಸೇಜು ತಿಂದರು ಅಂತಲೂ ಲೆಕ್ಕ ಇಡುವವರು. ಹಡ್ಸನ್ ಆಡಿದ್ದು ಒಂದೇ ಪಂದ್ಯ, ಗಾಸ್ಗರ್ ಮೆಟ್ಸ್‌ಗೆ ಆ ವರ್ಷ ಆಡಿದ್ದು ಕೆಲವೇ ಪಂದ್ಯ. ಸಣ್ಣವರು. ಅದಕ್ಕೇ ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ದೊಡ್ಡವರ ಗತಿ ಏನು ಮಹಾ! ಟಾಮ್ ಸೀವರ್ ಮೆಟ್ಸ್‌ನ ಚರಿತ್ರೆಯಲ್ಲೇ ದೊಡ್ಡ ಆಟಗಾರ. ಸಿಟಿ ಫೀಲ್ಡ್ ಶುರುವಾದದ್ದು 2009ರಲ್ಲಿ. ಅವರ ಪ್ರತಿಮೆ ಮಾಡುತ್ತೇವೆ ಅಂತ ಘೋಷಿಸಿದ್ದು 2019ರ ಜೂನ್‌ನಲ್ಲಿ, ಅವರಿಗೆ ಮರೆವಿನ ಕಾಯಿಲೆ ಅಂತ ಮನೆಯವರು ಹೇಳಿ ಮೂರು ತಿಂಗಳಾದ ಮೇಲೆ. ಆ ಸಮಾರಂಭಕ್ಕೆ ಅವರು ಬರುವ ಸ್ಥಿತಿಯಲ್ಲಿರಲಿಲ್ಲ. 2020ರ ಆಗಸ್ಟ್ 31ರಂದು ತೀರಿಕೊಂಡರು. ಪ್ರತಿಮೆಯ ಪರದೆ ಸರಿದದ್ದು 2022ರ ಏಪ್ರಿಲ್‌ನಲ್ಲಿ. ಹತ್ತು ವರ್ಷ ಮುಂಚೆ ಮಾಡಿದ್ದರೆ ಆ ಮನುಷ್ಯ ತನ್ನ ಪ್ರತಿಮೆಯ ಮುಂದೆ ನಿಂತು, ಕಾಲು ಸರಿಯಾಗಿ ಮಾಡಿಲ್ಲ ಕಣಯ್ಯಾ ಅಂತ ನಗುತ್ತಿದ್ದರೋ ಏನೋ.

ನನ್ನ ಜಗಳ ಇರುವುದು ಇಲ್ಲೇ. ಈ ಅಭಿಮಾನಿಗಳು ಹಳಬರನ್ನು ಪ್ರೀತಿಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಪ್ರೀತಿಸುತ್ತಾರೆ, ಫೋಟೋದಲ್ಲಿ. ಕಪ್ಪು ಬಿಳುಪಿನಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ನಿಂತಿರಬೇಕು, ಬೆನ್ನು ನೆಟ್ಟಗಿರಬೇಕು. ಅದೇ ಮನುಷ್ಯ ಬೆನ್ನು ಬಾಗಿ, ನಿಧಾನ ನಡೆದು, ಕೆಲಸ ಕೊಡಿ ನನಗೆ ಈಗಲೂ ಗೊತ್ತಿದೆ ಅಂತ ಬಂದರೆ ಮಾತ್ರ ನಗು ಬರುತ್ತದೆ. ಒಂದು ವಾರ ರೀಗನ್‌ಗೆ ನಕ್ಕವರು ಮುಂದಿನ ವಾರ ಸೀವರ್‌ಗೆ ಅತ್ತರಲ್ಲ, ಇಬ್ಬರೂ ಒಂದೇ ಕಾಲದವರು ಸ್ವಾಮಿ! 1969ರಲ್ಲಿ ಎದುರೆದುರು ತಂಡಗಳಲ್ಲಿ ಇದ್ದವರು!

ಈ ಮಾತು ಎತ್ತಿದ ಕೂಡಲೇ ನನ್ನ ಮಗ ಲ್ಯಾಪ್‌ಟಾಪ್ ತೆಗೆದ. ಈಗಿನ ಕಾಲದಲ್ಲಿ ಪಿಚಿಂಗ್ ಅಂದರೆ ವಿಜ್ಞಾನ ಅಪ್ಪಾ, ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾ ಇದೆ, ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಅಂತ ಯಂತ್ರ ಹೇಳುತ್ತದೆ, ಈ ಅಜ್ಜನಿಗೆ ಅದೆಲ್ಲ ಏನು ಗೊತ್ತು ಅಂದ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆ ಯಂತ್ರಗಳಿಂದ ಎಷ್ಟೋ ಹುಡುಗರು ಉದ್ಧಾರವಾಗಿದ್ದಾರೆ. ವಯಸ್ಸಾದ ಮಾತ್ರಕ್ಕೆ ಎಲ್ಲರೂ ಜ್ಞಾನಿಗಳಾಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ನಮ್ಮ ಕಟ್ಟಡದ ಸೊಸೈಟಿ ಮೀಟಿಂಗಿಗೆ ಬಂದರೆ ಪುರಾವೆ ಧಾರಾಳ ಸಿಗುತ್ತದೆ. ಆದರೆ ಯಂತ್ರ ಹೇಳುವುದು ಚೆಂಡು ಏನು ಮಾಡಿತು ಅಂತ. ಕೈ ನಡುಗುತ್ತಿರುವ ಹುಡುಗನಿಗೆ ಅದನ್ನು ಯಾವಾಗ ಹೇಳಬೇಕು, ಯಾವಾಗ ಹೇಳಬಾರದು ಅನ್ನುವುದನ್ನು ಯಾವ ಯಂತ್ರ ಹೇಳುತ್ತದೆ?

ಜಾನಿ ಸೇನ್ ಅಂತ ಒಬ್ಬರಿದ್ದರು. 1961ರಿಂದ 63ರವರೆಗೆ ನ್ಯೂಯಾರ್ಕ್ ಯಾಂಕೀಸ್, ಆಮೇಲೆ ಮಿನಸೋಟ, ಆಮೇಲೆ ಡೆಟ್ರಾಯ್ಟ್, ಹೀಗೆ ಹೋದಲ್ಲೆಲ್ಲ ಪಿಚರ್‌ಗಳನ್ನು ಎತ್ತಿ ನಿಲ್ಲಿಸಿದ ತರಬೇತುದಾರ. ಒಂದು ಸರಳಿಗೆ ಚೆಂಡು ಸಿಕ್ಕಿಸಿ, ಬೆರಳಲ್ಲಿ ತಿರುಗಿಸಿ, ಸುತ್ತು ಹೇಗೆ ಬರುತ್ತದೆ ಅಂತ ತೋರಿಸುತ್ತಿದ್ದರಂತೆ. ನನ್ನ ಮಗನ ಯಂತ್ರಕ್ಕೆ ಅಜ್ಜ ಅದು! 1968ರಲ್ಲಿ ಡೆನ್ನಿ ಮೆಕ್‌ಲೇನ್ 31 ಪಂದ್ಯ ಗೆದ್ದಾಗ ಡೆಟ್ರಾಯ್ಟ್‌ನ ಪಿಚಿಂಗ್ ತರಬೇತುದಾರ ಸೇನ್. ಮಾರನೇ ವರ್ಷ ಮ್ಯಾನೇಜರ್ ಜೊತೆ ಮನಸ್ತಾಪವಾಗಿ ಕೆಲಸ ಹೋಯಿತು. 2006ರಲ್ಲಿ ತೀರಿಕೊಂಡರು. ಕೂಪರ್ಸ್‌ಟೌನ್‌ನಲ್ಲಿರುವ ಕೀರ್ತಿಭವನದಲ್ಲಿ ಅವರ ಫಲಕವಿಲ್ಲ. ಅಲ್ಲಿ ಆಟಗಾರರಿಗೆ ಜಾಗ ಇದೆ, ಮ್ಯಾನೇಜರ್‌ಗಳಿಗಿದೆ, ಅಂಪೈರ್‌ಗಳಿಗಿದೆ, ದುಡ್ಡು ಹಾಕಿದ ಮಾಲೀಕರಿಗೂ ಇದೆ. ಕಲಿಸಿದವನಿಗೆ ಅಂತ ಒಂದು ವಿಭಾಗವೇ ಇಲ್ಲ! ನಮ್ಮ ಸರಕಾರಗಳನ್ನು ನಾನು ಬೈಯದ ದಿನವಿಲ್ಲ, ಆದರೂ ಒಂದು ಮಾತು ಒಪ್ಪಬೇಕು. ಇಲ್ಲಿ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಅಂತ ಒಂದಿದೆ. ಶಿವಾಜಿ ಪಾರ್ಕಿನ ಅಚ್ರೇಕರ್ ಸರ್ ಅವರಿಗೆ ಅದು 1990ರಲ್ಲೇ ಸಿಕ್ಕಿತು, ಅವರು ಸ್ಕೂಟರಿನಲ್ಲಿ ಓಡಾಡುತ್ತಿದ್ದ ಕಾಲದಲ್ಲೇ.

ಅಂದಹಾಗೆ ರೀಗನ್ ಬಂದ ಮೇಲೆ ಮೆಟ್ಸ್ ಏನಾಯಿತು ಅಂತ ಹೇಳಲಿಲ್ಲ. ಜುಲೈ ಮಧ್ಯದ ಬಿಡುವಿನ ಹೊತ್ತಿಗೆ 40 ಗೆಲುವು, 50 ಸೋಲು. ಬಿಡುವಿನ ನಂತರ 46 ಗೆಲುವು, 26 ಸೋಲು! ಜೇಕಬ್ ಡಿಗ್ರಾಮ್‌ಗೆ ಸತತ ಎರಡನೇ ಸಲ ಸೈ ಯಂಗ್ ಪ್ರಶಸ್ತಿ. ಇದೆಲ್ಲ ಅಜ್ಜನ ಪವಾಡ ಅಂತ ಹೇಳುವಷ್ಟು ಮೂರ್ಖ ನಾನಲ್ಲ. ಆಡಿದವರು ಆಟಗಾರರು. ಆದರೆ ಎರಡು ತಿಂಗಳಲ್ಲಿ ನಮ್ಮ ಹಾಲಿನ ನಗು ಮಾತ್ರ ನಿಂತಿತ್ತು. ದಿಬ್ಬದ ಕಡೆಗೆ ಆ ಬಿಳಿ ತಲೆ ನಡೆದು ಹೋಗುವಾಗ ಗುಜರಾತಿ ಹುಡುಗ, "ದೇಖೋ, ದಾದಾ ಜಾ ರಹಾ ಹೈ" ಅಂತ ಗೌರವದಿಂದಲೇ ಹೇಳುತ್ತಿದ್ದ. ಡಿಸೆಂಬರಿನಲ್ಲಿ ತಂಡದವರು ಆ ಜಾಗಕ್ಕೆ 33ರ ಜೆರೆಮಿ ಹೆಫ್ನರ್ ಅವರನ್ನು ತಂದರು. ಹೆಫ್ನರ್ ಕೆಲಸ ಬಲ್ಲವರು, ಅವರ ಮೇಲೆ ನನ್ನ ತಕರಾರಿಲ್ಲ. 2023ರಲ್ಲಿ, 86ರ ಪ್ರಾಯದಲ್ಲಿ, ರೀಗನ್ ಕೋರ್ಟಿಗೆ ಹೋದರು, ವಯಸ್ಸಿನ ಕಾರಣಕ್ಕೇ ನನ್ನನ್ನು ಕೈಬಿಟ್ಟರು ಅಂತ. ಆರೋಪ ಆರೋಪವೇ, ತೀರ್ಪು ಕೊಡುವ ಕುರ್ಚಿ ನನ್ನದಲ್ಲ. ಆದರೆ 86ಕ್ಕೆ ವಕೀಲರನ್ನು ಹಿಡಿದ ಮನುಷ್ಯನಿಗೆ ದುಡ್ಡಿನ ಆಸೆ ಅಂತ ಷರಾ ಬರೆದುಬಿಟ್ಟರಲ್ಲ ಕೆಲವರು, ಅದು ನನ್ನ ಹೊಟ್ಟೆ ಉರಿಸಿತು.

ಹೊಸಬರಿಗೆ ಜಾಗ ಬೇಡವೇ ಅಂತ ಕೇಳುತ್ತೀರಿ. ಬೇಕು. ನಾನು ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವನು, ಫೋರ್ಟ್‌ನ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದವನು. ಜಾಗ ಸಿಗದವನ ಕಷ್ಟ ನನಗೆ ಹೇಳಿಕೊಡಬೇಡಿ. ರಾತ್ರಿ ಹೊಟೇಲು ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಮಾಷ್ಟ್ರು. ಹಗಲು ಎಲ್ಲೋ ಗುಮಾಸ್ತಿಕೆ, ರಾತ್ರಿ ನಮಗೆ ಪಾಠ. ನಿದ್ದೆ ತೂಗುವ ಹುಡುಗನಿಗೆ ಒಂದು ದಿನವೂ ಹೊಡೆಯಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಾ, ಲೆಕ್ಕ ಎಲ್ಲಿಗೂ ಓಡಿ ಹೋಗುವುದಿಲ್ಲ, ಅನ್ನುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕೂತು ರಿಟೈರ್ ಆದೆ ಅಂದರೆ ಅದು ಅವರು ಕೊಟ್ಟ ಕುರ್ಚಿ.

2016ರಲ್ಲಿ ಇಲ್ಲಿನ ಒಂದು ಕನ್ನಡ ಸಂಘ (ಹೆಸರು ಬೇಡ, ಎಲ್ಲರೂ ನಮ್ಮವರೇ) ವಾರ್ಷಿಕೋತ್ಸವ ಮಾಡಿತು. ಸ್ಮರಣ ಸಂಚಿಕೆಯಲ್ಲಿ ಸಂಘ ಕಟ್ಟಿದವರ ಪಟ್ಟಿ. ಮಾಷ್ಟ್ರ ಹೆಸರಿನ ಹಿಂದೆ 'ದಿ.' ಅಂತ ಅಚ್ಚಾಗಿತ್ತು. ಮಾಷ್ಟ್ರು ಮೂರನೇ ಸಾಲಿನಲ್ಲಿ ಕೂತಿದ್ದರು! 84 ವರ್ಷ, ಡೊಂಬಿವಲಿಯಿಂದ ಲೋಕಲ್ ಹಿಡಿದು ಒಬ್ಬರೇ ಬಂದಿದ್ದರು. ವೇದಿಕೆಯ ಮೇಲೆ ಊರಿನಿಂದ ಬಂದ ರಾಜಕಾರಣಿಗೆ ಶಾಲು, ಹಾರ, ಮೈಸೂರು ಪೇಟ. ಭಾಷಣದಲ್ಲಿ "ನಮ್ಮನ್ನಗಲಿದ ಹಿರಿಯ ಚೇತನಗಳಿಗೆ" ಅಂತ ಒಂದು ನಿಮಿಷ ಮೌನ. ಎಲ್ಲರೂ ಎದ್ದು ನಿಂತೆವು. ಮಾಷ್ಟ್ರೂ ಎದ್ದು ನಿಂತರು, ತಮ್ಮದೇ ಶ್ರದ್ಧಾಂಜಲಿಗೆ. ಆಮೇಲೆ ನನ್ನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು ಆ 'ದಿ.'ಯನ್ನು ಹೊಡೆದು ಹಾಕಿದರು. ಪಕ್ಕದ ಸಾಲಿನಲ್ಲಿದ್ದ ಒಂದು ಒತ್ತಕ್ಷರದ ತಪ್ಪನ್ನೂ ತಿದ್ದಿದರು. ಅಭ್ಯಾಸ! ಕಾರ್ಯದರ್ಶಿಯನ್ನು ಹಿಡಿದು ನಾನು ಕೂಗಾಡಿದೆ. ಆತ, "ಬಹಳ ದಿನದಿಂದ ಕಾಣಿಸ್ಲಿಲ್ಲ, ಹೋಗಿರ್ಬೇಕು ಅಂದ್ಕೊಂಡ್ವಿ" ಅಂದ. ಮಾಷ್ಟ್ರು ಆಮೇಲೂ ಐದು ವರ್ಷ ಬದುಕಿದ್ದರು. ಯಾರೂ ಒಂದು ದಿನ ಮಕ್ಕಳಿಗೆ ಕನ್ನಡ ಹೇಳಿಕೊಡಿ ಅಂತ ಕರೆಯಲಿಲ್ಲ. ಅದೇ ಸಂಘ ಪ್ರತಿ ವರ್ಷ, ಕನ್ನಡ ಕಲಿಸಲು ಜನ ಸಿಗುವುದಿಲ್ಲ ಅಂತ ಠರಾವು ಪಾಸು ಮಾಡುತ್ತಿತ್ತು.

ಗಾಸ್ಗರ್, ಹಡ್ಸನ್ ಸುದ್ದಿ ಓದಿದಾಗ ನನಗೆ ಯಾಕೆ ಅಷ್ಟು ಉರಿಯಿತು ಅಂತ ಈಗ ಗೊತ್ತಾಯಿತಲ್ಲ.

ಕೊನೆಗೆ ದುಡ್ಡಿನ ಮಾತು, ಯಾಕೆಂದರೆ ಗೌರವ ಗೌರವ ಅಂತ ನಾವು ಬಾಯಿ ಬಡಿದುಕೊಳ್ಳುವುದೆಲ್ಲ ಅಲ್ಲಿಗೆ ಬಂದರೆ ಗೊತ್ತಾಗುತ್ತದೆ. 1980ರಿಂದ ಈಚೆಗೆ ದೊಡ್ಡ ಲೀಗಿನಲ್ಲಿ 43 ದಿನ ಇದ್ದವರಿಗೆ ಪಿಂಚಣಿಯ ಹಕ್ಕಿದೆ. ಅದಕ್ಕೂ ಮೊದಲು ಆಡಿದವರಿಗೆ ನಾಲ್ಕು ವರ್ಷ ತುಂಬಿರಬೇಕಿತ್ತು. ನಿಯಮ ಬದಲಾಯಿಸಿದಾಗ ಹಳಬರನ್ನು ಒಳಗೆ ಸೇರಿಸಲಿಲ್ಲ. ಮೂರೂವರೆ ವರ್ಷ ಆಡಿದವನಿಗೂ ಸೊನ್ನೆ! ಸ್ಯಾಚೆಲ್ ಪೇಜ್ ಎಂಬ ಮಹಾ ಪಿಚರ್ ಇದ್ದರು. ಕರಿಯರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಆಡಿದ್ದರಿಂದ ಪಿಂಚಣಿಗೆ 158 ದಿನ ಕಮ್ಮಿ ಬಿದ್ದಿತ್ತು. 1968ರಲ್ಲಿ ಅಟ್ಲಾಂಟಾ ತಂಡ ಅವರನ್ನು ಆ ದಿನ ತುಂಬಿಸುವುದಕ್ಕಾಗಿಯೇ ಸಂಬಳಕ್ಕೆ ಸೇರಿಸಿಕೊಂಡಿತು. ಮನುಷ್ಯತ್ವ ಅಂದರೆ ಅದು. ಉಳಿದ ನೂರಾರು ಜನರಿಗೆ ಅಂಥ ತಂಡ ಸಿಗಲಿಲ್ಲ. ಕೂಗಿ ಕೂಗಿ ಸಾಕಾದ ಮೇಲೆ 2011ರಲ್ಲಿ ಲೀಗೂ ಆಟಗಾರರ ಸಂಘವೂ ಸೇರಿ, ಪ್ರತಿ 43 ದಿನದ ಸೇವೆಗೆ ವರ್ಷಕ್ಕೆ 625 ಡಾಲರ್, ಹೆಚ್ಚೆಂದರೆ 10,000 ಡಾಲರ್ ಕೊಡಲು ಒಪ್ಪಿದವು. 2022ರಲ್ಲಿ ಅದು 718.75 ಆಯಿತು, ಮೇಲ್ಮಿತಿ 11,500. ತೆರಿಗೆ ಅದರಲ್ಲೇ. ವರ್ಷಕ್ಕೆ ಸಾವಿರ ಕೋಟಿ ಡಾಲರಿಗಿಂತ ಹೆಚ್ಚು ವಹಿವಾಟು ಮಾಡುವ ಲೀಗು ಇದು! ಆ 75 ಸೆಂಟನ್ನು ಲೆಕ್ಕ ಹಾಕಿದ ಪುಣ್ಯಾತ್ಮ ಯಾರೋ. ನಮ್ಮಲ್ಲೂ 2014ರಲ್ಲಿ ಪಿಎಫ್ ಪಿಂಚಣಿಗೆ ಕನಿಷ್ಠ ತಿಂಗಳಿಗೆ ಸಾವಿರ ರೂಪಾಯಿ ಅಂತ ನಿಗದಿ ಮಾಡಿದಾಗ ದಾದರ್ ಸ್ಟೇಷನ್ನಿನ ಹೊರಗೆ ನಾವೆಷ್ಟು ಜನ ಆ ಲೆಕ್ಕ ನೋಡಿ ನಕ್ಕಿದ್ದೆವು.

ಅಮೆರಿಕದ ಆ ಕೊಡುಗೆಯಲ್ಲಿ ಇನ್ನೊಂದು ಷರತ್ತಿದೆ. ಅದು ಪಿಂಚಣಿ ಅಲ್ಲ, ಬರೀ ಕೊಡುಗೆ. ಆದ್ದರಿಂದ ಆಟಗಾರ ಸತ್ತರೆ ಹೆಂಡತಿಗೆ ಹೋಗುವುದಿಲ್ಲ. ಮೈದಾನದ ಪರದೆಯ ಮೇಲೆ ಅವನ ಫೋಟೋ ಬರುತ್ತದೆ, ನಲವತ್ತು ಸಾವಿರ ಜನ ಟೋಪಿ ತೆಗೆದು ನಿಲ್ಲುತ್ತಾರೆ, ಮನೆಗೆ ಚೆಕ್ಕು ಬರುವುದು ನಿಲ್ಲುತ್ತದೆ. ಮಗನಿಗೆ ಇದನ್ನು ಹೇಳಿದೆ. "ಇದು ನನಗೆ ಗೊತ್ತಿರಲಿಲ್ಲ ಅಪ್ಪಾ" ಅಂದ. 1969ರ ತಂಡದ ಅಷ್ಟೂ ಜನರ ಹೆಸರು, ಅಂಗಿಯ ನಂಬರು ಸಮೇತ, ಅವನಿಗೆ ಬಾಯಿಪಾಠ ಇದೆ.